ಗಿಡ್ಡ ಪೈರು ಕೇಳುವ ನೀರು

ಮರಿಯಮ್ಮನಹಳ್ಳಿಯಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯ ಒಂದು ಮಗ್ಗುಲಿಗೆ ತುಂಗಭದ್ರಾ ಜಲಾಶಯದ ಹಿನ್ನೀರಿದೆ, ಇನ್ನೊಂದು ಮಗ್ಗುಲಿಗೆ ಮಳೆಯನ್ನೇ ನಂಬಿದ ಹೊಲಗಳಿವೆ. ಜೋಳ, ಸಜ್ಜೆ, ಮೆಕ್ಕೆಜೋಳ, ಶೇಂಗಾ, ಸೂರ್ಯಕಾಂತಿ: ಆ ವರ್ಷದ ಮಳೆ ಯಾವುದಕ್ಕೆ ಒಪ್ಪಿತೋ ಅದು. ಹೊಸಪೇಟೆ ದಾಟಿ ಕಂಪ್ಲಿಯ ದಾರಿ ಹಿಡಿದರೆ ನೋಟವೇ ಬದಲಾಗುತ್ತದೆ. ಬಾಳೆ, ಕಬ್ಬು, ಅದರಾಚೆ ಕಣ್ಣು ಹಾಯುವಷ್ಟು ದೂರ ಭತ್ತ. ತೆನೆ ತುಂಬಿ ಬಾಗಿದಾಗಲೂ ಆ ಭತ್ತದ ಪೈರು ನಿಂತ ಆಳಿನ ಸೊಂಟದ ಮಟ್ಟವನ್ನು ದಾಟುವುದಿಲ್ಲ.

ಈ ಗಿಡ್ಡತನ ತಾನಾಗಿ ಬಂದದ್ದಲ್ಲ. ಇಪ್ಪತ್ತನೆಯ ಶತಮಾನದ ತಳಿ ವಿಜ್ಞಾನಿಗಳು ಗೋಧಿಯನ್ನೂ ಭತ್ತವನ್ನೂ ಬೇಕೆಂದೇ ಕುಳ್ಳಾಗಿಸಿದರು. ಮೆಕ್ಸಿಕೊದಿಂದ ಪಂಜಾಬಿನವರೆಗೆ, ಫಿಲಿಪ್ಪೀನ್ಸಿನಿಂದ ಕಂಪ್ಲಿಯವರೆಗೆ ಕೋಟ್ಯಂತರ ಜನರ ತಟ್ಟೆಗೆ ಅನ್ನ, ರೊಟ್ಟಿ ಬಂದದ್ದರಲ್ಲಿ ಈ ಒಂದು ಬದಲಾವಣೆಯ ಪಾಲು ಬಹಳ ದೊಡ್ಡದು. ಆದರೆ ಗಿಡ್ಡ ಪೈರು ಹುಟ್ಟುತ್ತಲೇ ನೀರು ಕೇಳುತ್ತದೆ. ನೀರು ಸಿಕ್ಕ ಕಂಪ್ಲಿಯ ಗದ್ದೆಯಲ್ಲಿ ಅದು ಗೆದ್ದಿತು. ನೀರಿಲ್ಲದ ಮರಿಯಮ್ಮನಹಳ್ಳಿ, ಸಂಡೂರಿನ ಹೊಲಗಳಲ್ಲಿ ಅದು ಬೇರು ಬಿಡಲಿಲ್ಲ. ಹಾಗೇಕಾಯಿತು ಎಂಬುದಕ್ಕೆ ಉತ್ತರದ ಒಂದು ತುದಿ ಆ ಗಿಡದ ಜೀನಿನಲ್ಲಿದೆ, ಇನ್ನೊಂದು ತುದಿ ಈ ಸೀಮೆಯ ಚರಿತ್ರೆಯಲ್ಲಿದೆ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಪೇಟೆಯಲ್ಲಿ ಕಂಡ ಧಾನ್ಯಗಳನ್ನು ಒಂದೊಂದಾಗಿ ಹೆಸರಿಸಿದ್ದಾನೆ. ಅಕ್ಕಿ, ಗೋಧಿ, ಜೋಳ, ಹೆಸರು, ಹುರುಳಿ ಎಲ್ಲವೂ ಇದ್ದವು, ಬೆಲೆಯೂ ಅಗ್ಗವಾಗಿತ್ತು. ಗೋಧಿ ಮಾತ್ರ ಉಳಿದವುಗಳಷ್ಟು ಹೇರಳವಾಗಿರಲಿಲ್ಲ, ಅದನ್ನು ತಿನ್ನುವವರು ಮುಸ್ಲಿಮರಷ್ಟೇ ಎಂದು ಅವನು ಬರೆದ. ಆ ಬರಹವನ್ನು 1900ರಲ್ಲಿ ತನ್ನ ವಿಜಯನಗರದ ಇತಿಹಾಸದೊಡನೆ ಇಂಗ್ಲಿಷಿನಲ್ಲಿ ಪ್ರಕಟಿಸಿದ ರಾಬರ್ಟ್ ಸೀವೆಲ್ ಬಳ್ಳಾರಿಯಲ್ಲೇ ಕಲೆಕ್ಟರ್ ಆಗಿದ್ದವನು. ಹಂಪಿಯ ಅರಸರು ನದಿಗೆ ಅಡ್ಡಲಾಗಿ ಕಟ್ಟಿಸಿದ ಅಣೆಕಟ್ಟುಗಳಿಂದ ಹೊರಟ ತುರ್ತು ಕಾಲುವೆ, ಬಸವಣ್ಣ ಕಾಲುವೆ, ರಾಯ ಕಾಲುವೆ, ರಾಮಸಾಗರ ಕಾಲುವೆ, ಕಂಪ್ಲಿ ಕಾಲುವೆಗಳು ಇಂದಿಗೂ ಹರಿಯುತ್ತಿವೆ. ಹೊಳೆದಂಡೆಯ ಆ ಕಿರಿದಾದ ಹಸಿರು ಪಟ್ಟಿಗೆ ಬರದ ಹೆದರಿಕೆ ಕಡಿಮೆ. ಅದರಿಂದ ನಾಲ್ಕು ಹರದಾರಿ ಆಚೆಗೆ ಹೋದರೆ ಮಾತೇ ಬೇರೆ.

1876ರಲ್ಲಿ ಮಳೆ ಕೈಕೊಟ್ಟಿತು. ಜನ ಧಾತು ಬರವೆಂದು ನೆನೆಯುವ ಆ ಕ್ಷಾಮ 1878ರವರೆಗೆ ಮದ್ರಾಸು, ಮೈಸೂರು, ಮುಂಬಯಿ, ಹೈದರಾಬಾದು ಸೀಮೆಗಳನ್ನು ಹಿಂಡಿತು. ಸತ್ತವರು ಐವತ್ತು ಲಕ್ಷಕ್ಕೂ ಹೆಚ್ಚು. ಆಗ ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲೊಂದು. 1871ರ ಜನಗಣತಿಗೆ ಹೋಲಿಸಿದರೆ 1881ರಲ್ಲಿ ಇಲ್ಲಿನ ಜನಸಂಖ್ಯೆ ಬಹಳವಾಗಿ ಕುಸಿದಿತ್ತು. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯ, ಜೊತೆಗೆ ಒಂದಿಷ್ಟು ಕಾಸು ಸಾಕೆಂದು ಸರ್ಕಾರದ ಕ್ಷಾಮ ಪ್ರತಿನಿಧಿ ಸರ್ ರಿಚರ್ಡ್ ಟೆಂಪಲ್ ನಿಗದಿ ಮಾಡಿದ. ಇಷ್ಟರಲ್ಲಿ ದುಡಿಯುವ ಮೈ ಉಳಿಯದು ಎಂದು ಮದ್ರಾಸಿನ ಆರೋಗ್ಯಾಧಿಕಾರಿ ವಿಲಿಯಂ ಕಾರ್ನಿಶ್ ಪಟ್ಟುಹಿಡಿದು ವಾದಿಸಿದ. ಅದೇ ಹೊತ್ತಿನಲ್ಲಿ, 1877–78ರಲ್ಲಿ, ಭಾರತದ ಬಂದರುಗಳಿಂದ ಸುಮಾರು ಮೂರು ಲಕ್ಷ ಟನ್ ಗೋಧಿ ಹಡಗೇರಿ ಹೊರದೇಶಕ್ಕೆ ಹೋಯಿತು. ದೇಶದಲ್ಲಿ ಗೋಧಿಯಿತ್ತು, ಅದನ್ನು ಕೊಳ್ಳುವ ಕಾಸು ಬಳ್ಳಾರಿಯ ಕೂಲಿಯ ಕೈಯಲ್ಲಿರಲಿಲ್ಲ. ಸುಧಾರಿತ ಬೀಜದ ಕಥೆಯನ್ನು ಓದುವಾಗ ಇದನ್ನು ಮರೆಯುವಂತಿಲ್ಲ. ಕಾಳು ಹೆಚ್ಚು ಬೆಳೆದ ಮಾತ್ರಕ್ಕೆ ಹಸಿದವರ ತಟ್ಟೆಗೆ ಅದು ತಾನಾಗಿ ಬಂದು ಬೀಳುವುದಿಲ್ಲ.

ಆ ಬರದ ತರುವಾಯ ಸರ್ಕಾರ ಕ್ಷಾಮ ಸಂಹಿತೆ ಬರೆಯಿತು, ಬರದ ಸೀಮೆಗಳಿಗೆ ರೈಲು ಹಾಕಿತು. ಬಳ್ಳಾರಿ, ಹೊಸಪೇಟೆ, ಗದಗದ ಮೂಲಕ ಹಾದುಹೋಗುವ ಮಾರ್ಗ 1880ರ ದಶಕದ್ದು. ತುಂಗಭದ್ರೆಗೆ ದೊಡ್ಡ ಅಣೆಕಟ್ಟು ಬೇಕೆಂದು ಇಂಜಿನಿಯರ್ ಆರ್ಥರ್ ಕಾಟನ್ 1860ರಲ್ಲೇ ಸೂಚಿಸಿದ್ದ. ಅಡಿಗಲ್ಲು ಬಿದ್ದದ್ದು ಮಾತ್ರ 1945ರ ಫೆಬ್ರವರಿ 28ರಂದು. ಒಂದು ದಡ ಹೈದರಾಬಾದಿಗೂ ಇನ್ನೊಂದು ಮದ್ರಾಸಿಗೂ ಸೇರಿದ್ದರಿಂದ ಎರಡೂ ಕಡೆ ಬೇರೆಬೇರೆ ಅಡಿಗಲ್ಲು. ಇಂಜಿನಿಯರ್ ತಿರುಮಲೆ ಅಯ್ಯಂಗಾರರ ಮುಂದಾಳುತನದಲ್ಲಿ ಕಟ್ಟೆ ಎದ್ದಿತು, 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ನೀರು ನಿಂತ ಜಾಗದಲ್ಲಿ ಸುಮಾರು 90 ಹಳ್ಳಿ ಮುಳುಗಿ ಐವತ್ತು ಸಾವಿರಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು. ಮುಳುಗಿದ ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಕೆಳಗಿನ ಊರುಗಳಿಗೆ ಕಾಲುವೆ ಬಂದ ಕಾಲಕ್ಕೆ ಮೇಲಿನವರು ತಮ್ಮ ಫಲವತ್ತಾದ ಹೊಳೆದಂಡೆಯ ಹೊಲಗಳನ್ನೇ ಬಿಟ್ಟುಕೊಟ್ಟರು. ಈ ಲೆಕ್ಕವನ್ನು ಹಸಿರು ಕ್ರಾಂತಿಯ ಪುಸ್ತಕಗಳು ಬರೆಯುವುದು ಕಡಿಮೆ.

ನೀರು ಬಂತು, ಆದರೆ ಅದಕ್ಕೆ ತಕ್ಕ ಬೀಜ ಇನ್ನೂ ಹುಟ್ಟಿರಲಿಲ್ಲ.

ಹಳೆಯ ಗೋಧಿ, ಹಳೆಯ ಭತ್ತ ಎರಡೂ ಎತ್ತರದ ಪೈರುಗಳು. ಗೊಬ್ಬರವಿಲ್ಲದ ನೆಲದಲ್ಲಿ, ಕಳೆಯೊಡನೆ ಪೈಪೋಟಿ ಮಾಡುತ್ತಾ ಬೆಳೆಯಲು ಎತ್ತರ ಅವುಗಳಿಗೆ ಬೇಕಾಗಿತ್ತು. ಆ ಪೈರಿಗೆ ಯೂರಿಯಾ ಹಾಕಿ, ನೀರು ಕಟ್ಟಿ ನೋಡಿ. ಎಲೆ ಕಡುಹಸಿರಾಗುತ್ತದೆ, ದಂಟು ಇನ್ನೂ ಉದ್ದಕ್ಕೆ ಬೆಳೆಯುತ್ತದೆ, ತೆನೆ ಭಾರವಾಗುತ್ತದೆ. ಒಂದು ಗಾಳಿ ಬೀಸಿದರೆ ಇಡೀ ಹೊಲ ಮಲಗಿಬಿಡುತ್ತದೆ. ಮಲಗಿದ ಪೈರಿನ ಕಾಳು ಜೊಳ್ಳಾಗುತ್ತದೆ, ನೆಲಕ್ಕೆ ತಾಗಿ ಮೊಳೆಯುತ್ತದೆ, ಇಲಿಯ ಪಾಲಾಗುತ್ತದೆ. ಗೊಬ್ಬರ ಹಾಕಿದವನಿಗೆ ಹಾಕದವನಿಗಿಂತ ನಷ್ಟ! ಎತ್ತರದ ತಳಿ ತಾನು ಕಟ್ಟುವ ಒಟ್ಟು ಒಣ ತೂಕದಲ್ಲಿ ಮೂರನೆಯ ಒಂದು ಪಾಲಿನಷ್ಟನ್ನು ಕಾಳಿಗೆ ಕೊಟ್ಟರೆ, ಗಿಡ್ಡ ತಳಿ ಹತ್ತಿರಹತ್ತಿರ ಅರ್ಧದಷ್ಟನ್ನು ಕೊಡುತ್ತದೆ. ಇಳುವರಿ ಹೆಚ್ಚಿದ್ದರ ಗುಟ್ಟು ಇಲ್ಲಿದೆ. ಗಿಡ ಹೆಚ್ಚು ದುಡಿಯಲಿಲ್ಲ, ದುಡಿದದ್ದನ್ನು ದಂಟಿಗೆ ಹಾಕುವ ಬದಲು ತೆನೆಗೆ ಹಾಕಿತು.

ಗೋಧಿಯ ಗಿಡ್ಡತನ ಬಂದದ್ದು ಜಪಾನಿನಿಂದ. ಗೊಂಜಿರೊ ಇನಾಜುಕಾ ಎಂಬ ತಳಿಗಾರ ಬೆಳೆಸಿದ ನೋರಿನ್ 10 ತಳಿ 1935ರಲ್ಲಿ ಹೊರಬಂತು. ಯುದ್ಧ ಮುಗಿದ ಮೇಲೆ ಜಪಾನಿನಲ್ಲಿದ್ದ ಅಮೆರಿಕದ ಕೃಷಿ ವಿಜ್ಞಾನಿ ಸೆಸಿಲ್ ಸಾಲ್ಮನ್ ಅದರ ಕಾಳನ್ನು 1946ರಲ್ಲಿ ತನ್ನ ದೇಶಕ್ಕೆ ಕಳಿಸಿದ. ವಾಷಿಂಗ್ಟನ್ ರಾಜ್ಯದ ಆರ್ವಿಲ್ ವೋಗೆಲ್ ಅದನ್ನು ಬ್ರೆವರ್ ತಳಿಯೊಡನೆ ಕೂಡಿಸಿ, ಆ ಸಂತತಿಯ ಬೀಜವನ್ನು ಮೆಕ್ಸಿಕೊದಲ್ಲಿದ್ದ ನಾರ್ಮನ್ ಬೋರ್ಲಾಗ್‌ಗೆ ಕೊಟ್ಟ. ಬೋರ್ಲಾಗ್ ಒಂದು ಬೆಳೆಯನ್ನು ಸೊನೋರಾದ ಬಯಲಿನಲ್ಲಿ, ಮುಂದಿನದನ್ನು ತೊಲುಕಾದ ಎತ್ತರದ ನೆಲದಲ್ಲಿ, ಹೀಗೆ ವರ್ಷಕ್ಕೆ ಎರಡು ಬೆಳೆ ತೆಗೆದು ಕೆಲಸದ ಅವಧಿಯನ್ನು ಅರ್ಧಕ್ಕಿಳಿಸಿದ. ಎರಡು ಬೇರೆ ಹವೆಯಲ್ಲಿ ಬದುಕುಳಿದ ಗಿಡಗಳನ್ನಷ್ಟೇ ಆರಿಸಿಕೊಂಡದ್ದರಿಂದ ಹಗಲಿನ ಉದ್ದವನ್ನು ಲೆಕ್ಕಿಸದೆ ಹೂಬಿಡುವ ಗೋಧಿ ಅವನ ಕೈಸೇರಿತು. ಹಾಗಾಗಿಯೇ ಮೆಕ್ಸಿಕೊದ ಬೀಜ ಪಂಜಾಬಿನಲ್ಲೂ ಫಲ ಕೊಟ್ಟಿತು.

1960ರ ದಶಕದ ನಡುವೆ ಭಾರತದ ಸ್ಥಿತಿ ಧಾತು ಬರದ ಕಾಲದಂತಿರಲಿಲ್ಲ. ಈ ಸಲ ದೇಶದಲ್ಲೇ ಕಾಳು ಸಾಲದಾಗಿತ್ತು. ಎರಡು ವರ್ಷ ಬೆನ್ನುಬೆನ್ನಿಗೆ ಮಳೆ ಸೋತು, 1966ರಲ್ಲಿ ಕೋಟಿ ಟನ್‌ಗೂ ಹೆಚ್ಚು ಧಾನ್ಯ ಹೊರಗಿನಿಂದ ಬಂತು. ಅದರಲ್ಲಿ ಹೆಚ್ಚಿನದು ಅಮೆರಿಕದ ಗೋಧಿ. ಬೋರ್ಲಾಗ್ 1963ರಲ್ಲಿ ಭಾರತಕ್ಕೆ ಬಂದು ಹೋಗಿದ್ದ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಂ.ಎಸ್. ಸ್ವಾಮಿನಾಥನ್ ಮತ್ತು ಸಂಗಡಿಗರು ಗಿಡ್ಡ ತಳಿಗಳ ಪರೀಕ್ಷೆಗೆ ತೊಡಗಿದ್ದರು. ಆಹಾರ ಮಂತ್ರಿ ಸಿ. ಸುಬ್ರಮಣ್ಯಂ ಧೈರ್ಯ ಮಾಡಿದ್ದರಿಂದ 1966ರಲ್ಲಿ 18,000 ಟನ್ ಬಿತ್ತನೆ ಗೋಧಿ ಮೆಕ್ಸಿಕೊದಿಂದ ಬಂತು. ಆ ಗೋಧಿಯ ಕಾಳು ಕೆಂಪು, ಚಪಾತಿಗೆ ಒಗ್ಗದ್ದು. ನಮ್ಮ ತಳಿಗಾರರು ಅದರಿಂದಲೇ ಹೊಂಬಣ್ಣದ ಕಾಳಿನ ಕಲ್ಯಾಣ ಸೋನಾ, ಸೋನಾಲಿಕಾ ತಳಿಗಳನ್ನು ಆರಿಸಿ ತೆಗೆದರು. 1964–65ರಲ್ಲಿ ಸುಮಾರು 1.2 ಕೋಟಿ ಟನ್ ಇದ್ದ ದೇಶದ ಗೋಧಿ 1970–71ರ ಹೊತ್ತಿಗೆ 2.4 ಕೋಟಿ ಟನ್ ಹತ್ತಿರ ಬಂತು. ಬೋರ್ಲಾಗ್‌ಗೆ 1970ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಸಿಕ್ಕಿತು. ಹಡಗಿನಿಂದ ಇಳಿಯುವ ಗೋಧಿಗೆ ಕಾಯುತ್ತಿದ್ದ ದೇಶಕ್ಕೆ ಇದು ಎಂಥ ಬಿಡುಗಡೆ ಎಂಬುದನ್ನು ಆ ಕಾಲದ ರೇಷನ್ ಸಾಲಿನಲ್ಲಿ ನಿಂತವರು ಬಲ್ಲರು.

ಕಂಪ್ಲಿ, ಸಿರುಗುಪ್ಪ, ಗಂಗಾವತಿಯ ಕೆಸರುಗದ್ದೆಗೆ ಬಂದದ್ದು ಇದೇ ಕಥೆಯ ಭತ್ತದ ರೂಪ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ 1962ರಲ್ಲಿ ಇಂಡೊನೇಷ್ಯಾದ ಎತ್ತರದ ಪೇಟಾ ಭತ್ತವನ್ನು ತೈವಾನಿನ ಕುಳ್ಳ ತಳಿಯೊಡನೆ ಕೂಡಿಸಿದರು. 1966ರಲ್ಲಿ ಬಿಡುಗಡೆಯಾದ ಐಆರ್8 ಅದೇ ವರ್ಷದ ಪರೀಕ್ಷೆಯಲ್ಲಿ, ಭಾರತೀಯ ವಿಜ್ಞಾನಿ ಎಸ್.ಕೆ. ದೇದತ್ತ ಅವರ ತಾಕಿನಲ್ಲಿ, ಹೆಕ್ಟೇರಿಗೆ 9.4 ಟನ್ ಇಳುವರಿ ಕೊಟ್ಟಿತು. ಹಳೆಯ ಭತ್ತ ಐದಾರು ತಿಂಗಳು ಗದ್ದೆ ಹಿಡಿಯುತ್ತಿದ್ದರೆ ಇದು ಸುಮಾರು 130 ದಿನಕ್ಕೆ ಕೊಯ್ಲಿಗೆ ಬಂತು. ಕಾಲುವೆಯಲ್ಲಿ ನೀರಿದ್ದರೆ ವರ್ಷಕ್ಕೆ ಎರಡನೆಯ ಬೆಳೆ!

ಗೋಧಿ, ಭತ್ತ ಎರಡೂ ಗಿಡ್ಡವಾದವು, ಆದರೆ ದಾರಿ ಒಂದೇ ಅಲ್ಲ. ಗಿಡವನ್ನು ಉದ್ದಕ್ಕೆ ಬೆಳೆಸುವುದು ಜಿಬ್ಬರೆಲಿನ್ ಎಂಬ ಹಾರ್ಮೋನು. ತುಂಗಭದ್ರಾ ಕಾಲುವೆಯನ್ನೇ ನೆನೆಯಿರಿ. ಗಿಡ್ಡ ಭತ್ತದಲ್ಲಿ ಮೇಲಿನ ತೂಬೇ ಅರ್ಧ ಮುಚ್ಚಿದೆ: ಜಿಬ್ಬರೆಲಿನ್ ತಯಾರಿಸುವ ಒಂದು ಕಿಣ್ವದ ಜೀನ್ ಕೆಟ್ಟಿದ್ದು, ಹಾರ್ಮೋನು ಕಡಿಮೆ ಹರಿಯುತ್ತದೆ. ಗಿಡ್ಡ ಗೋಧಿಯಲ್ಲಿ ಕಾಲುವೆ ತುಂಬಿಯೇ ಇದೆ, ಗದ್ದೆಯ ಮಡೆ ತೆರೆಯುವುದಿಲ್ಲ: ಬೆಳವಣಿಗೆಯನ್ನು ತಡೆಹಿಡಿಯುವ ಡೆಲ್ಲಾ ಎಂಬ ಪ್ರೋಟೀನು, ಹಾರ್ಮೋನು ಬಂದರೂ ಜಾಗ ಬಿಟ್ಟು ಕದಲುವುದಿಲ್ಲ. ಪರೀಕ್ಷೆಯೂ ಸರಳ. ಹೊರಗಿನಿಂದ ಜಿಬ್ಬರೆಲಿನ್ ಸಿಂಪಡಿಸಿದರೆ ಗಿಡ್ಡ ಭತ್ತ ಉದ್ದವಾಗುತ್ತದೆ, ಗಿಡ್ಡ ಗೋಧಿ ಇದ್ದಲ್ಲೇ ಇರುತ್ತದೆ. ಗೋಧಿಯ ಜೀನ್ 1999ರಲ್ಲೂ ಭತ್ತದ್ದು 2002ರಲ್ಲೂ ಗುರುತಿಗೆ ಸಿಕ್ಕವು. ತಳಿಗಾರರು ಅವುಗಳ ಫಲವನ್ನು ಮೂರು ದಶಕ ಮೊದಲೇ ಹೊಲದಲ್ಲಿ ಕಂಡಿದ್ದರು.

ಐಆರ್8ರ ಅನ್ನ ದಪ್ಪ, ಆರಿದರೆ ಗಟ್ಟಿ. ಹೊಟ್ಟೆ ತುಂಬಿಸಿತು, ನಾಲಗೆಗೆ ಹಿಡಿಸಲಿಲ್ಲ, ಪೇಟೆಯಲ್ಲಿ ಬೆಲೆ ಬರಲಿಲ್ಲ. ಆ ಕೊರತೆ ತುಂಬಿದ್ದು ಆಂಧ್ರದ ಬಾಪಟ್ಲ ಸಂಶೋಧನಾ ಕೇಂದ್ರದಿಂದ 1986ರಲ್ಲಿ ಬಂದ ಬಿಪಿಟಿ 5204. ಅದರ ವಂಶಾವಳಿ ಒಂದು ಪುಟ್ಟ ಭೂಪಟದಂತಿದೆ. ಒಬ್ಬ ಅಜ್ಜ ಕೊಯಮತ್ತೂರಿನಲ್ಲಿ 1921ರ ಸುಮಾರಿಗೆ ಸಿಕ್ಕ ಸಣ್ಣಕ್ಕಿಯ ಜಿಇಬಿ 24. ಇನ್ನೊಬ್ಬ ತೈವಾನಿನ ಕುಳ್ಳ ತೈಚುಂಗ್ ನೇಟಿವ್ 1. ಮೂರನೆಯದು ಮಲೇಷ್ಯಾದಲ್ಲಿ ಹೆಸರು ಪಡೆದ ಮಸೂರಿ. ಹೊಸಪೇಟೆಯ ಕಿರಾಣಿ ಅಂಗಡಿಯಲ್ಲಿ ಸೋನಾ ಮಸೂರಿ ಎಂದು ಕೇಳಿದರೆ ಸಿಗುವ ಸಣ್ಣಕ್ಕಿಯಲ್ಲಿ ಈ ಕುಟುಂಬದ ರಕ್ತವಿದೆ. ಗದ್ದೆಯ ಚಹರೆಯನ್ನು ಬದಲಿಸಿದವರಲ್ಲಿ ಕರಾವಳಿ ಆಂಧ್ರದಿಂದ ಬಂದು ನೆಲ ಕೊಂಡು ಕ್ಯಾಂಪುಗಳನ್ನು ಕಟ್ಟಿಕೊಂಡ ರೈತರೂ ಇದ್ದಾರೆ. ಕೆಸರುಗದ್ದೆಯ ಕಸುಬನ್ನು ಅವರು ಗೋದಾವರಿ, ಕೃಷ್ಣೆಯ ಬಯಲಿನಿಂದ ಹೊತ್ತು ತಂದರು.

ಸಾಂಬಾ ಮಸೂರಿ ಎಂದೂ ಕರೆಯುವ ಈ ಬಿಪಿಟಿಗೆ ಬೆಂಕಿರೋಗವೂ ದುಂಡಾಣು ಎಲೆ ಅಂಗಮಾರಿಯೂ ಬೇಗ ತಗಲುತ್ತವೆ. ಹೈದರಾಬಾದಿನ ಎರಡು ಕೇಂದ್ರ ಸಂಸ್ಥೆಗಳು ಸೇರಿ ಅಂಗಮಾರಿ ತಡೆಯುವ ಮೂರು ಜೀನ್‌ಗಳನ್ನು ಅದರೊಳಗೆ ತಂದು, 2008ರಲ್ಲಿ ಸುಧಾರಿತ ಸಾಂಬಾ ಮಸೂರಿಯನ್ನು ಬಿಡುಗಡೆ ಮಾಡಿದವು. ಆ ಮೂರರಲ್ಲೊಂದು ಆಫ್ರಿಕದ ಕಾಡುಭತ್ತದಿಂದ ಬಂದದ್ದು. ವಿದೇಶಿ ಜೀನನ್ನು ಪ್ರಯೋಗಾಲಯದಲ್ಲಿ ತುರುಕಿದ್ದಲ್ಲ, ಪರಾಗ ಬೆರೆಸಿ ಹಲವು ಪೀಳಿಗೆ ಆರಿಸಿದ್ದು.

ಗೆಲುವಿನ ಹಿಂದೆಯೇ ಅದರ ಬೆಲೆಯೂ ಬಂತು. ತುಂಗಭದ್ರಾ ಯೋಜನೆಯನ್ನು ರೂಪಿಸಿದವರ ತಲೆಯಲ್ಲಿದ್ದದ್ದು ಬರದಿಂದ ರಕ್ಷಣೆ. ಸ್ವಲ್ಪ ನೀರನ್ನು ಬಹಳ ನೆಲಕ್ಕೆ ಹಂಚಬೇಕು, ಹೆಚ್ಚಿನ ಭಾಗದಲ್ಲಿ ಜೋಳ, ಹತ್ತಿಯಂಥ ಅರೆನೀರಾವರಿ ಬೆಳೆ ಇರಬೇಕು, ಭತ್ತ, ಕಬ್ಬಿಗೆ ಕೊಂಚ ಜಾಗ ಸಾಕು ಎಂದು ಯಾವ ಹೊಲಕ್ಕೆ ಯಾವ ಬೆಳೆ ಎಂಬುದನ್ನೂ ಗೊತ್ತುಮಾಡಿದ್ದರು. ಗಿಡ್ಡ ಭತ್ತ ಬಂದ ಮೇಲೆ ಆ ನಕ್ಷೆ ಕಡತದಲ್ಲೇ ಉಳಿಯಿತು. ಎಕರೆಗೆ ಜೋಳಕ್ಕಿಂತ ಎಷ್ಟೋ ಪಾಲು ಹೆಚ್ಚು ಆದಾಯ ಕೊಡುವ ಬೆಳೆಯನ್ನು, ಕಣ್ಣೆದುರಿಗೆ ನೀರು ಹರಿಯುತ್ತಿರುವಾಗ, ಯಾವ ರೈತ ಬಿಟ್ಟಾನು? ಕಾಲುವೆಯ ತಲೆಭಾಗದಲ್ಲಿ ಭತ್ತ ಹಬ್ಬಿತು. ಸುಮಾರು 225 ಕಿಲೋಮೀಟರು ಉದ್ದದ ಎಡದಂಡೆ ಕಾಲುವೆಯ ಕೊನೆಯಲ್ಲಿ ರಾಯಚೂರಿನ ರೈತರು ತಮ್ಮ ಪಾಲಿನ ನೀರಿಗಾಗಿ ವರ್ಷವರ್ಷವೂ ರಸ್ತೆಗಿಳಿಯಬೇಕಾಯಿತು. ಬಸಿಗಾಲುವೆಯಿಲ್ಲದ ಎರೆಭೂಮಿಯಲ್ಲಿ ನೀರು ನಿಂತು ಉಪ್ಪು ಮೇಲೆದ್ದಿತು. ಆ ಸವುಳು ನೆಲದ ಆರೈಕೆಗೆಂದೇ ಗಂಗಾವತಿಯಲ್ಲಿ ಸಂಶೋಧನೆ ನಡೆಯುತ್ತಿದೆ, ಸವುಳನ್ನು ಒಂದಿಷ್ಟು ತಾಳುವ ಗಂಗಾವತಿ ಸೋನಾ ಎಂಬ ತಳಿಯೂ ಅಲ್ಲಿಂದ ಬಂದಿದೆ. 133 ಟಿಎಂಸಿ ಹಿಡಿಯಬೇಕಿದ್ದ ಜಲಾಶಯ ಹೂಳು ತುಂಬಿ ಈಗ 105 ಟಿಎಂಸಿ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಕಿತ್ತುಕೊಂಡು ಹೋದಾಗ ಇಡೀ ಅಚ್ಚುಕಟ್ಟು ಬೆಚ್ಚಿಬಿದ್ದದ್ದು ಸಹಜ. ಗಿಡ್ಡ ಭತ್ತದ ಬಾಳು ಆ ಗೇಟುಗಳ ಮೇಲೆ ನಿಂತಿದೆ.

ಇನ್ನು ಗೇಟಿನ ಮೇಲ್ಗಡೆಯ, ಒಣನೆಲದ ಕಥೆ.

ಹಿಂಗಾರಿಯಲ್ಲಿ ಎರೆಹೊಲದ ರೈತ ಮಳೆ ನಿಂತ ಮೇಲೆ ಬಿತ್ತುತ್ತಾನೆ. ಮೇಲಿನ ಮಣ್ಣು ಆಗಲೇ ಆರಿರುತ್ತದೆ, ಹಸಿ ಇರುವುದು ಕೆಳಗೆ. ಕೂರಿಗೆಯ ತಾಳು ಆ ಹಸಿಯವರೆಗೆ ಇಳಿದು ಕಾಳು ಬಿಡಬೇಕು. ಮೊಳಕೆ ಅಷ್ಟು ಆಳದಿಂದ ಮೇಲೆ ಬರಬೇಕು. ಗೋಧಿಯ ಮೊಳಕೆಯ ತುದಿಗೆ ಒಂದು ಕವಚವಿರುತ್ತದೆ, ಎಳೆಯ ಎಲೆಯನ್ನು ಕಾಪಾಡುತ್ತಾ ಮಣ್ಣನ್ನು ಸೀಳಿ ಮೇಲೇರುವುದು ಅದೇ. ನೋರಿನ್ 10ರಿಂದ ಬಂದ ಗಿಡ್ಡತನದ ಜೀನ್ ದಂಟನ್ನಷ್ಟೇ ಅಲ್ಲ, ಆ ಕವಚವನ್ನೂ ಮೋಟು ಮಾಡುತ್ತದೆ. ಆಳಕ್ಕೆ ಬಿತ್ತಿದರೆ ಗಿಡ್ಡ ಗೋಧಿಯ ಮೊಳಕೆ ಮಣ್ಣೊಳಗೇ ಸೋಲುತ್ತದೆ. ಮೆಕ್ಸಿಕೊ ಗೋಧಿಯನ್ನು ಐದು ಸೆಂಟಿಮೀಟರಿಗಿಂತ ಆಳಕ್ಕೆ ಹಾಕಬೇಡಿ ಎಂದು ಆಗಲೇ ರೈತರಿಗೆ ಹೇಳಿಕೊಟ್ಟದ್ದು ಈ ಕಾರಣಕ್ಕೆ. ನೀರು ಕಟ್ಟುವ ಪಂಜಾಬಿನಲ್ಲಿ ಆ ಮಾತು ನಡೆದೀತು. ಹಸಿಯನ್ನು ಹುಡುಕಿ ಬಿತ್ತುವ ಧಾರವಾಡ, ವಿಜಯಪುರ, ಬಳ್ಳಾರಿಯ ಎರೆಯಲ್ಲಿ ನಡೆಯದು. ನಮ್ಮ ಒಣನೆಲದ ರೈತರು ಬಿಜಗ ಯೆಲ್ಲೊದಂಥ ಎತ್ತರದ ಗೋಧಿಯನ್ನು ಬಹುಕಾಲ ಬಿಡದಿದ್ದುದನ್ನು ಹಳೆಯದಕ್ಕೆ ಜೋತುಬಿದ್ದ ಮೊಂಡುತನವೆಂದು ಬಗೆದವರಿದ್ದಾರೆ. ಗಿಡದ ಒಳಗುಟ್ಟು ತಿಳಿದ ಮೇಲೆ ಆ ಮಾತು ನಿಲ್ಲುವುದಿಲ್ಲ.

ಎರಡನೆಯ ಕಾರಣ ಕೊಟ್ಟಿಗೆಯಲ್ಲಿದೆ. ಒಣಸೀಮೆಯಲ್ಲಿ ಬೆಳೆಯ ಅರ್ಧ ಬೆಲೆ ಸೊಪ್ಪೆಯದು. ಬೇಸಿಗೆಯಲ್ಲಿ ದನವನ್ನು ಬದುಕಿಸುವುದು ಬಣವೆ. 1964ರಲ್ಲಿ ಬಂದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಗಿಡ್ಡ, ಬೇಗ ಮಾಗುವಂಥದು. ಕಾಳು ಹೆಚ್ಚು ಕೊಟ್ಟಿತು, ನಿಜ. ಆದರೆ ಮುಂಗಾರಿನ ಕೊನೆಯ ಮಳೆಗೆ ಸಿಕ್ಕಿ ತೆನೆ ಬೂಷ್ಟು ಹಿಡಿದು ಕಪ್ಪಾಯಿತು, ರೊಟ್ಟಿ ಮೊದಲಿನಂತೆ ಬರಲಿಲ್ಲ, ಮೇವೂ ಕಡಿಮೆ. ಹಿಂಗಾರಿ ಜೋಳದಲ್ಲಿ ಇಂದಿಗೂ ಮನೆಮಾತು ಮಾಲದಂಡಿ. 1930ರ ದಶಕದಲ್ಲಿ ಸೊಲ್ಲಾಪುರ ಸೀಮೆಯ ಮೋಹೋಳದಲ್ಲಿ ಊರ ಜೋಳದಿಂದಲೇ ಆರಿಸಿ ತೆಗೆದ ಎಂ 35-1 ಅದು. ಮುತ್ತಿನಂಥ ಕಾಳು, ಮೆತ್ತನೆಯ ರೊಟ್ಟಿ, ಎತ್ತರದ ಸಿಹಿ ಕಣಿಕೆ. ಇಷ್ಟನ್ನೂ ಒಟ್ಟಿಗೆ ಮೀರಿಸಿದ ಜೋಳ ಇನ್ನೂ ಬಂದಿಲ್ಲ ಎಂಬುದು ತಳಿ ವಿಜ್ಞಾನದ ಸೋಲೆಂದೇ ಹೇಳಬೇಕು. ಒಣ ಬೇಸಾಯಕ್ಕೆ ಸುಧಾರಣೆಯೇ ಒಗ್ಗದು ಎಂದೇನಲ್ಲ. ಮಂಡ್ಯದಲ್ಲಿ ತಳಿಗಾರ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನು ನಮ್ಮ ರಾಗಿಯೊಡನೆ ಕೂಡಿಸಿ ತಂದ ಇಂಡಾಫ್ ತಳಿಗಳು ದಕ್ಷಿಣದ ಮಳೆಯಾಶ್ರಿತ ಹೊಲಗಳಲ್ಲಿ ಎಷ್ಟು ಕಾಳು ಕೊಟ್ಟವೆಂದರೆ ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು.

ಗೋಧಿಯ ವಿಷಯದಲ್ಲಿ ಕನ್ನಡ ನಾಡು ಪಡೆದದ್ದಕ್ಕಿಂತ ಕೊಟ್ಟದ್ದು ದೊಡ್ಡದು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡದ ಕಡೆ ಜವೆ ಗೋಧಿ, ಸದಕ, ಖಪ್ಲಿ ಎಂದು ಕರೆಯುವ ಹೊಟ್ಟುಗೋಧಿ ಸಾಮಾನ್ಯ ಗೋಧಿಗಿಂತ ಹಳೆಯ ಬಗೆ. ಕುಟ್ಟಿದರಲ್ಲದೆ ಸಿಪ್ಪೆ ಬಿಡದು. ಮಾದಲಿಗೆ, ಹುಗ್ಗಿಗೆ, ಶಾವಿಗೆಗೆ ಅದೇ ಬೇಕು. ಬಿಸಿಲನ್ನೂ ಭಂಡಾರವೆನ್ನುವ ತುಕ್ಕುರೋಗವನ್ನೂ ಅದು ತಾಳುತ್ತದೆ. ಅಮೆರಿಕದ ಸಸ್ಯರೋಗ ವಿಜ್ಞಾನಿ ಎಲ್ವಿನ್ ಸ್ಟಾಕ್‌ಮನ್ ಕಾಂಡದ ತುಕ್ಕುರೋಗದ ಬಗೆಗಳನ್ನು ಗುರುತಿಸಲು ಆರಿಸಿಕೊಂಡ ಹನ್ನೆರಡು ಗೋಧಿಗಳಲ್ಲಿ ಭಾರತದಿಂದ ಹೋದ ಖಪ್ಲಿಯೂ ಒಂದು. ಆ ಸ್ಟಾಕ್‌ಮನ್ ಬೋರ್ಲಾಗ್‌ನ ಗುರು.

ಖಪ್ಲಿಯಿಂದ ಬೇರೆ ಗೋಧಿಗೆ ದಾಟಿಸಿದ ರೋಗನಿರೋಧಕ ಜೀನ್‌ಗಳಲ್ಲಿ ಎಸ್ಆರ್13 ಎಂಬುದು ಮುಖ್ಯ. 1998ರಲ್ಲಿ ಉಗಾಂಡದಲ್ಲಿ ಯುಜಿ99 ಎಂಬ ಹೊಸ ತುಕ್ಕು ಕಾಣಿಸಿಕೊಂಡು, ಜಗತ್ತಿನ ಬಹುಪಾಲು ಗೋಧಿ ನೆಚ್ಚಿಕೊಂಡಿದ್ದ ರಕ್ಷಣೆಯನ್ನು ಮುರಿಯಿತು. ತೊಂಬತ್ತು ದಾಟಿದ ಬೋರ್ಲಾಗ್ ಮತ್ತೆ ಎಚ್ಚರಿಕೆಯ ಗಂಟೆ ಬಾರಿಸಿದ. ಆ ಯುಜಿ99ರ ಎದುರು ನಿಂತ ಕೆಲವೇ ಜೀನ್‌ಗಳಲ್ಲಿ ಎಸ್ಆರ್13 ಒಂದು. 2017ರಲ್ಲಿ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ಗುರುತಿಸಿದರು.

ತುಕ್ಕಿಗೂ ನಮ್ಮ ನೆಲಕ್ಕೂ ಇನ್ನೊಂದು ನಂಟಿದೆ. ಬೇಸಿಗೆಯ ಬಯಲಿನಲ್ಲಿ ಈ ಶಿಲೀಂಧ್ರ ಬದುಕುವುದಿಲ್ಲ, ನೀಲಗಿರಿಯ ತಂಪಿನಲ್ಲಿ ಉಳಿದು ನವೆಂಬರದ ಚಂಡಮಾರುತದ ಗಾಳಿ ಹಿಡಿದು ಉತ್ತರಕ್ಕೆ ಹಾರುತ್ತದೆ. ಸಸ್ಯರೋಗ ವಿಜ್ಞಾನಿ ಕೆ.ಸಿ. ಮೆಹ್ತಾ ಮೊದಲು ತೋರಿಸಿದ ಈ ದಾರಿಯಲ್ಲಿ ಮಳೆಯೊಡನೆ ಬೀಜಾಣು ಮೊದಲು ಇಳಿಯುವುದು ಕರ್ನಾಟಕದ ಗೋಧಿಯ ಮೇಲೆ. ಇಲ್ಲಿನ ಗೋಧಿ ತಡೆದುಕೊಂಡರೆ ಮಧ್ಯಭಾರತದ ಗೋಧಿಗೂ ರಕ್ಷಣೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ರೋಗ ತಾಳುವ ಗೋಧಿಯ ಮೇಲೂ ಡಿಡಿಕೆ 1025, ಡಿಡಿಕೆ 1029ರಂಥ ಸುಧಾರಿತ ಖಪ್ಲಿಯ ಮೇಲೂ ನಡೆದ ಕೆಲಸ ರಾಜ್ಯದ ಸಣ್ಣ ಗೋಧಿ ಬೆಳೆಗಷ್ಟೇ ಸಂಬಂಧಿಸಿದ್ದಲ್ಲ.

ಇಷ್ಟೆಲ್ಲದರ ನಂತರ ಹಸಿವು ಎಲ್ಲಿಗೆ ಬಂತು? ಧಾತು ಬರದಂಥ ಸಾವು ಈ ಸೀಮೆಗೆ ಮರಳಿ ಬಂದಿಲ್ಲ. ಅದಕ್ಕೆ ಗಿಡ್ಡ ಪೈರು, ಕಾಲುವೆ, ಆಹಾರ ನಿಗಮದ ಗೋದಾಮು, ನ್ಯಾಯಬೆಲೆ ಅಂಗಡಿ ಎಲ್ಲ ಸೇರಿ ಕಾರಣ. ಅವುಗಳಲ್ಲಿ ಒಂದನ್ನು ತೆಗೆದರೂ ಉಳಿದವು ಸಾಲುತ್ತಿರಲಿಲ್ಲ. 2013ರಲ್ಲಿ ಶುರುವಾದ ಅನ್ನಭಾಗ್ಯದ ಅಕ್ಕಿ ಕೂಲಿಯ ಮನೆಯಲ್ಲಿ ಒಲೆ ಆರದಂತೆ ನೋಡಿಕೊಂಡಿತು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಕಲ್ಯಾಣ ಕರ್ನಾಟಕದಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದು. ಭತ್ತದ ಕಣಜವೆನಿಸಿದ ಸೀಮೆಯಲ್ಲೇ ಮಕ್ಕಳು ಹೀಗಿರುವುದು ಸಹಿಸುವಂಥದಲ್ಲ. ಅನ್ನದ ಜೊತೆ ಬೇಳೆ, ಜೋಳ, ನವಣೆ, ಹಾಲು ತಟ್ಟೆಗೆ ಬರಬೇಕು. ಅವು ಬೆಳೆಯುವುದು, ಹಾಲು ಕೊಡುವ ದನಕ್ಕೆ ಮೇವು ಹುಟ್ಟುವುದು ಕಾಲುವೆಯಿಲ್ಲದ ಆ ಒಣಹೊಲಗಳಲ್ಲೇ.

ವಿಜ್ಞಾನಕ್ಕೆ ಈಗ ಆ ಹೊಲಗಳ ಕಡೆ ತಿರುಗುವ ಹಾದಿ ಸಿಕ್ಕಿದೆ. ಆರ್‌ಎಚ್‌ಟಿ14, ಆರ್‌ಎಚ್‌ಟಿ18 ಎಂಬ ಬೇರೆ ಎರಡು ಜೀನ್‌ಗಳು ಗೋಧಿಯ ದಂಟನ್ನು ಗಿಡ್ಡ ಮಾಡುತ್ತವೆ, ಮೊಳಕೆಯ ಕವಚವನ್ನು ಮಾತ್ರ ಮೋಟು ಮಾಡುವುದಿಲ್ಲ. ಆಸ್ಟ್ರೇಲಿಯಾದ ಒಣಸೀಮೆಯಲ್ಲಿ ಇಂಥ ಗೋಧಿಯನ್ನು ಆಳಕ್ಕೆ ಬಿತ್ತಿ ಪರೀಕ್ಷಿಸುತ್ತಿದ್ದಾರೆ. ಪುಣೆಯ ಅಗರ್ಕರ್ ಸಂಶೋಧನಾ ಸಂಸ್ಥೆ ಈ ಜೀನ್‌ಗಳನ್ನು ಗುರುತಿಸಿ ತಳಿಗಳಿಗೆ ತರುವ ಕೆಲಸದಲ್ಲಿದೆ. ಆ ಗೋಧಿ ಧಾರವಾಡದ ತಾಕಿನಲ್ಲಿ ಮಾತ್ರವಲ್ಲ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಎರೆಹೊಲದಲ್ಲೂ, ನೀರು ಕಟ್ಟದೆ, ರೈತನ ಕೂರಿಗೆಯಿಂದಲೇ ಬಿತ್ತಿ ಪರೀಕ್ಷೆಯಾಗಬೇಕು. ತಳಿಗೆ ಅಂಕ ಕೊಡುವಾಗ ಕಾಳಿನ ತೂಕದ ಜೊತೆ ಮೇವಿನ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಣಜೋಳಕ್ಕೂ ನವಣೆಗೂ ಭತ್ತ, ಗೋಧಿಗೆ ಸಿಕ್ಕಷ್ಟು ಸಂಶೋಧನೆಯ ಹಣ ಸಿಗಬೇಕು. ಕಂಪ್ಲಿಯ ಗದ್ದೆಗೆ ಐವತ್ತು ವರ್ಷದ ಹಿಂದೆ ಸಿಕ್ಕ ಗಮನ, ಜಲಾಶಯಕ್ಕೆ ತನ್ನ ನೆಲ ಕೊಟ್ಟ ಮರಿಯಮ್ಮನಹಳ್ಳಿಯ ಕಡೆಯ ಹೊಲಗಳಿಗೂ ಸಲ್ಲಲಿ.